ತಮ್ಮ ಪ್ಯಾಂಟಿನ ಭಾವಚಿತ್ರ ಕಳುಹಿಸಿಕೊಡಬೇಕಾಗಿ ವಿನಂತಿ

ನಮ್ಮ ಅತ್ತೆ ಜೀವಮಾನದಲ್ಲಿ ಒಬ್ಬ ಪರಗಂಡಸಿನ ಮುಖವನ್ನೂ ನೆಟ್ಟಗೆ ನೋಡಿದವಳಲ್ಲ! ಇಷ್ಟು ಹೇಳಿದ ಕೂಡಲೇ ಕೈಮುಗಿಯಲು ಹೊರಟಿರಾ? ತಡೆಯಿರಿ. ಮುಖ ನೋಡುವುದಿಲ್ಲ ಎಂಬುದು ನಿಜ. ಪ್ಯಾಂಟು ನೋಡುತ್ತಾಳೆ. ಅದೂ ಕದ್ದುಮುಚ್ಚಿ ಅಲ್ಲ. ಬಸ್‌ಸ್ಟ್ಯಾಂಡಿನಲ್ಲಿ, ಬ್ಯಾಂಕಿನಲ್ಲಿ, ಮದುವೆಯ ಊಟದ ಸಾಲಿನಲ್ಲಿ, ಎದುರಿಗಿರುವವನು ಎಷ್ಟೇ ದೊಡ್ಡ ಮನುಷ್ಯನಾಗಿರಲಿ, ಸೊಂಟದಿಂದ ಹಿಮ್ಮಡಿಯವರೆಗೆ ಒಮ್ಮೆ ಇಳಿದು, ಹಿಮ್ಮಡಿಯಿಂದ ಸೊಂಟದವರೆಗೆ ಇನ್ನೊಮ್ಮೆ ಹತ್ತಿ, ಅಷ್ಟಕ್ಕೂ ಸಮಾಧಾನವಾಗದಿದ್ದರೆ "ಒಂದೀಟು ತಿರುಗ್ರಿ ಅಣ್ಣಾರ" ಎಂದು ಹಿಂದಿನ ಜೇಬುಗಳನ್ನೂ ನೋಡಿ ಮುಗಿಸುತ್ತಾಳೆ. ಆ ಹೊತ್ತಿನಲ್ಲಿ ಪಕ್ಕದಲ್ಲಿರುವ ನಾನು ಗೋಡೆಯ ಮೇಲಿನ ವೇಳಾಪಟ್ಟಿಯನ್ನು ಬಹಳ ಶ್ರದ್ಧೆಯಿಂದ ಓದುತ್ತಿರುತ್ತೇನೆ. ಬಳ್ಳಾರಿ ಬಸ್‌ಸ್ಟ್ಯಾಂಡಿನ ಅಷ್ಟೂ ಬಸ್ಸುಗಳ ಸಮಯ ನನಗೆ ಬಾಯಿಪಾಠ ಬರುವುದು ಹೀಗೆ!

ದಯವಿಟ್ಟು ತಪ್ಪು ತಿಳಿಯಬೇಡಿ, ಇದು ಆಕೆಯ ವೃತ್ತಿ. ಅತ್ತೆಗೆ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಚಿಕ್ಕದೊಂದು ಯೂನಿಟ್ ಇದೆ. ಎಂಟು ಮಷೀನು, ಅವುಗಳ ಮುಂದೆ ಎಂಟು ಹೆಣ್ಣುಮಕ್ಕಳು, ಬಟ್ಟೆ ಕತ್ತರಿಸಲು ಖಾಸಿಂ ಚಾಚಾ ಎಂಬ ಕಟಿಂಗ್ ಮಾಸ್ಟರ್. ಸಿರುಗುಪ್ಪಕ್ಕೆ ಮದುವೆಯಾಗಿ ಹೋಗಿದ್ದ ಅತ್ತೆ, ಗಂಡ ಸಣ್ಣ ವಯಸ್ಸಿಗೇ ತೀರಿಕೊಂಡ ಮೇಲೆ ಬಳ್ಳಾರಿಗೆ ಬಂದು, ಯಾರದೋ ಯೂನಿಟ್ಟಿನಲ್ಲಿ ಗುಂಡಿ ಹಚ್ಚುವ ಕೆಲಸದಿಂದ ಶುರುಮಾಡಿ, ಕೊನೆಗೆ ತನ್ನದೇ ಒಂದನ್ನು ಕಟ್ಟಿಕೊಂಡವಳು. ನಾನು ಕುರುಗೋಡಿನಲ್ಲಿರುವ ಆಕೆಯ ಅಣ್ಣನ ಮಗಳು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಗಣಿಗಾರಿಕೆ ಬಿರುಸಿನಲ್ಲಿದ್ದ ಆ ವರ್ಷಗಳಲ್ಲಿ ಬಳ್ಳಾರಿಯ ಒಂದು ಪ್ರಯೋಗಾಲಯದಲ್ಲಿ ಅದಿರು ಪರೀಕ್ಷಿಸುವ ಕೆಲಸಕ್ಕೆ ಸೇರಿದ್ದೆ. ಅದಿರಿನಲ್ಲಿ ಕಬ್ಬಿಣ ಎಷ್ಟಿದೆಯೆಂದು ದಶಮಾಂಶದ ಎರಡನೆಯ ಸ್ಥಾನದವರೆಗೆ ಹೇಳುವುದು ನನ್ನ ಕೆಲಸ, ಇರುವುದು ಅತ್ತೆಯ ಮನೆಯಲ್ಲಿ. ನನ್ನ ಬಗ್ಗೆ ಇಷ್ಟು ಸಾಕು.

ಮುಖ ನೋಡದಿದ್ದ ಮೇಲೆ ಅತ್ತೆ ಜನರ ಗುರುತು ಹಿಡಿಯುವುದು ಹೇಗೆ? ಪ್ಯಾಂಟಿನಿಂದಲೇ! ಬ್ಯಾಂಕಿನ ಮ್ಯಾನೇಜರು ಆಕೆಗೆ ಹತ್ತು ವರ್ಷದ ಪರಿಚಯ. ಆದರೆ ಅವರು ಮೇಜಿನ ಹಿಂದೆ ಕೂತಿದ್ದರೆ ಅತ್ತೆಗೆ ಅವರು ಯಾರೋ ಅಪರಿಚಿತರು. "ಮ್ಯಾನೇಜರ್ ಸಾಹೇಬ್ರು ಎಲ್ಲಿ ಹೋಗ್ಯಾರ್ರಿ?" ಎಂದು ಸಾಕ್ಷಾತ್ ಅವರನ್ನೇ ಕೇಳುತ್ತಾಳೆ. ಪಾಪ, ಅವರು ನಿಟ್ಟುಸಿರು ಬಿಟ್ಟು ಎದ್ದು ನಿಲ್ಲುತ್ತಾರೆ. "ಅಯ್ಯ, ನೀವ ಅದೀರಲ್ಲ! ಯಾವಾಗ ಬಂದ್ರಿ?" ಲುಂಗಿ ಉಡುವವರ ಪಾಡು ಇನ್ನೂ ಕಷ್ಟ. ಮೋಕದಿಂದ ಬರುವ ಹಾಲಿನವನು ಎಷ್ಟೋ ವರ್ಷಗಳಿಂದ ದಿನಾ ಬೆಳಿಗ್ಗೆ ಬಾಗಿಲು ಬಡಿಯುತ್ತಾನೆ. ಅತ್ತೆ ದಿನಾ ಬಾಗಿಲು ತೆಗೆದು "ಯಾರಪಾ ನೀನು?" ಎನ್ನುತ್ತಾಳೆ. ಅವನು ಬೇಸರಿಸದೆ ಹಾಲಿನ ಕ್ಯಾನು ಎತ್ತಿ ತೋರಿಸುತ್ತಾನೆ.

ಆಗ ಬಳ್ಳಾರಿಯ ಆಕಾಶದಲ್ಲಿ ಗಣಿ ಧಣಿಗಳ ಹೆಲಿಕಾಪ್ಟರುಗಳು ಹಾರಾಡುತ್ತಿದ್ದ ಕಾಲ. ಸದ್ದು ಕೇಳಿದರೆ ಓಣಿಯೇ ಹೊರಗೆ ಓಡಿ ಬರುತ್ತಿತ್ತು. ಅತ್ತೆ ಮಾತ್ರ ಮಷೀನಿನಿಂದ ಏಳುತ್ತಿರಲಿಲ್ಲ. "ಬಾ ಅತ್ತಿ, ಭಾಳ ಕೆಳಗ ಬಂದೈತಿ" ಎಂದು ನಾನು ಒಮ್ಮೆ ಕರೆದೆ. "ಎಷ್ಟ ಕೆಳಗ ಬಂದ್ರೂ ಕುಂತಾವರ ಪ್ಯಾಂಟು ಕಾಣತೈತೇನು?" ಎಂದಳು.

ಈ ವಿದ್ಯೆಯಿಂದ ನನಗೊಮ್ಮೆ ಬಹಳ ಉಪಕಾರವಾಯಿತು. ನನ್ನನ್ನು ನೋಡಲು ಕುರುಗೋಡಿಗೆ ಒಬ್ಬ ವರ ಬಂದಿದ್ದ. ಬಿಳಿ ಕಾರು, ಕಪ್ಪು ಕನ್ನಡಕ, ಗಣಿಯ ಮಾಲೀಕ ಎಂಬ ಹೊಳೆಯುವ ವಿಸಿಟಿಂಗ್ ಕಾರ್ಡು. ಅಪ್ಪ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಿದ್ದರು. ನಾನು ಚಹಾ ಕೊಟ್ಟು ಒಳಗೆ ಬರುವಷ್ಟರಲ್ಲಿ ಅತ್ತೆ ಅಪ್ಪನನ್ನು ಅಡುಗೆಮನೆಗೆ ಕರೆದಾಗಿತ್ತು.

"ಅಣ್ಣಾ, ಪ್ಯಾಂಟು ಹುಡುಗಂದಲ್ಲ."

"ಮತ್ಯಾರದು?"

"ಅದನ್ನ ಅವನ್ನ ಕೇಳು. ಕಾಲಿಗೆ ಕಚ್ಚಾ ಹೊಲಿಗಿ ಹಾಕ್ಯಾರ. ಸ್ವಂತ ಪ್ಯಾಂಟು ಉದ್ದಾದ್ರ ಮಡಚಿ ಮಷೀನ್ ಹೊಲಿಗಿ ಹಾಕಸ್ತಾರ. ಸಂಜಿಗೆ ಬಿಚ್ಚಿ ವಾಪಸ್ ಕೊಡೋ ಪ್ಯಾಂಟಿಗಷ್ಟ ಕೈಲೆ ಉದ್ದುದ್ದ ಹೊಲೀತಾರ."

"ಪ್ಯಾಂಟು ನೋಡಿ ಸಂಬಂಧ ಬಿಡಾಕ ಆಗತೈತೇನ ತಂಗೀ!" ಎಂದು ಅಪ್ಪ ರೇಗಿದರು. ಆದರೂ ಮನಸ್ಸು ತಡೆಯದೆ ಎರಡು ಕಡೆ ವಿಚಾರಿಸಿದರು. ಕಾರು ಗೆಳೆಯನದು, ಗಣಿ ಇನ್ಯಾರದೋ, ಈತ ಅಲ್ಲಿ ಲಾರಿಗಳ ನಂಬರು ಬರೆದುಕೊಳ್ಳುವವನು. ಪ್ಯಾಂಟು ಅಕ್ಕನ ಗಂಡನದು. ಬಂದದ್ದರಲ್ಲಿ ಹುಡುಗನೊಬ್ಬನೇ ಅವರ ಸ್ವಂತ!

ಇಂಥ ಅತ್ತೆಗೂ ಒಂದು ದಿನ ಕಂಗಾಲಾಗುವ ಹೊತ್ತು ಬಂತು. ಆಕೆಗೆ ಬಟ್ಟೆಯ ಗಂಟು ಕಳಿಸಿ ಪ್ಯಾಂಟು ಹೊಲಿಸಿಕೊಳ್ಳುತ್ತಿದ್ದ ವ್ಯಾಪಾರಿ ಒಬ್ಬನೇ. ಅವನು ಒಂದು ಬೆಳಿಗ್ಗೆ ಪೇಡೆಯ ಡಬ್ಬಿ ಹಿಡಿದು ಯೂನಿಟ್ಟಿಗೆ ಬಂದ.

"ಅಮ್ಮಾರ, ಇನ್ನ ಮ್ಯಾಲೆ ಗಂಟು ಬರಂಗಿಲ್ರಿ. ನಾಕು ಲಾರಿ ತಗೊಂಡೀನಿ. ಪ್ಯಾಂಟಿನಾಗ ಏನೈತಿ ಹೇಳ್ರಿ? ಎಲ್ಲಾ ಮಣ್ಣಿನಾಗ ಐತಿ!"

ಅವನು ಹೋಗುವುದನ್ನು ಅತ್ತೆ ಬಾಗಿಲಲ್ಲಿ ನಿಂತು ನೋಡಿದಳು. "ನಾವ ಹೊಲಿದ ಪ್ಯಾಂಟು ಹಾಕ್ಕೊಂಡು ನಮ್ಮನ್ನ ಬಿಟ್ಟು ಹೋಗಾಕತ್ತಾನ ನೋಡ್ರಿ ಮಾಸ್ತರ" ಎಂದಳು. ಖಾಸಿಂ ಚಾಚಾ ಕತ್ತರಿ ಕೆಳಗಿಟ್ಟು, "ಕತ್ತರಿಸಿದ್ದೂ ನಾನ ಅಕ್ಕಾ" ಎಂದರು. ಪೇಡೆಯನ್ನು ಯಾರೂ ಮುಟ್ಟಲಿಲ್ಲ.

ಕೈಯಲ್ಲಿದ್ದ ಗಂಟುಗಳು ಹೆಚ್ಚೆಂದರೆ ಎರಡು ತಿಂಗಳಿಗೆ ಸಾಕು. ಅಷ್ಟರೊಳಗೆ ಹೊಸ ಗಿರಾಕಿ ಸಿಗದಿದ್ದರೆ ಮಷೀನು ನಿಲ್ಲುತ್ತವೆ. ಮಷೀನು ನಿಂತರೆ ಆ ಎಂಟು ಹೆಣ್ಣುಮಕ್ಕಳು ಏನು ಮಾಡುತ್ತಾರೆಂಬುದು ಎಲ್ಲರಿಗೂ ಗೊತ್ತಿತ್ತು. ಅದಿರಿನ ಕಲ್ಲು ಒಡೆಯಲು ಟ್ರ್ಯಾಕ್ಸ್ ಜೀಪುಗಳಲ್ಲಿ ತುಂಬಿಕೊಂಡು ಹೋಗುತ್ತಿದ್ದ ಹೆಂಗಸರನ್ನು ದಿನಾ ಕಾಣುತ್ತಿದ್ದೆವು. "ಸೂಜಿ ಹಿಡಿದ ಕೈ ಸುತಿಗಿ ಹಿಡೀಬಾರದು" ಎಂದಷ್ಟೇ ಅತ್ತೆ ಹೇಳಿದಳು. ಆಮೇಲೆ ಒಂದು ವಾರ ಬೀದಿಯಲ್ಲಿ ಯಾರ ಪ್ಯಾಂಟನ್ನೂ ನೋಡಲಿಲ್ಲ. ಆಗ ನನಗೆ ನಿಜವಾಗಿ ಭಯವಾಯಿತು.

ನನ್ನಂತೆ ಕಡಿಮೆ ಮಾತಾಡುವವರಿಗೊಂದು ಶಾಪವಿದೆ. ಆಡಬಾರದ ಮಾತನ್ನು ಸರಿಯಾದ ಹೊತ್ತಿಗೆ ಆಡಿಬಿಡುತ್ತಾರೆ. ಒಂದು ದಿನ ಊಟದ ಹೊತ್ತಿನಲ್ಲಿ ನಾನು, ನಮ್ಮ ಪ್ರಯೋಗಾಲಯದವರೊಬ್ಬರಿಗೆ ಅಂತರ್ಜಾಲದ ಯಾವುದೋ ತಾಣದಿಂದ ಹೊಸ ಕೆಲಸ ಸಿಕ್ಕಿತಂತೆ, ಅಲ್ಲಿ ಉದ್ಯೋಗಸ್ಥರು, ವ್ಯಾಪಾರಸ್ಥರು ತಮ್ಮ ತಮ್ಮ ಹೆಸರು, ಕೆಲಸ, ಫೋಟೋ ಹಾಕಿಕೊಂಡು ಒಬ್ಬರಿಗೊಬ್ಬರು ಪರಿಚಯವಾಗುತ್ತಾರಂತೆ ಎಂದುಬಿಟ್ಟೆ. ಅತ್ತೆಯ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

"ಪ್ಯಾಂಟು ಕೊಳ್ಳೋವ್ರು ಇರ್ತಾರೇನು ಅದರಾಗ?"

"ಇರಬೌದು ಅತ್ತಿ."

"ನಾಳೆ ಆಯ್ತವಾರ ಹೌದಿಲ್ಲೋ? ನಡಿ."

ಮರುದಿನ ಭಾನುವಾರ, ಸೈಬರ್ ಸೆಂಟರಿನಲ್ಲಿ ಎರಡು ಕುರ್ಚಿ ಜೋಡಿಸಿಕೊಂಡು ಕೂತೆವು. ಮುಂಬೈ ಮೊದಲಾದ ಊರುಗಳ ಉಡುಪಿನ ಕಂಪನಿಗಳಲ್ಲಿ ಖರೀದಿ ನೋಡಿಕೊಳ್ಳುವವರ ಪಟ್ಟಿ ತೆರೆದೆ. ಕೋಟು ತೊಟ್ಟು ಮುಗುಳ್ನಗುವ ಮುಖಗಳು ಒಂದರ ಕೆಳಗೊಂದು ಬಂದವು. ಅತ್ತೆ ಮುಂದಕ್ಕೆ ಬಾಗಿದಳು. ಇನ್ನೂ ಬಾಗಿದಳು. ಕೊನೆಗೆ ಪರದೆಯ ಕೆಳಗಿನ ಅಂಚಿನಲ್ಲಿ ಇಣುಕಿ ನೋಡಿ, ಇಡೀ ಸೈಬರ್ ಸೆಂಟರಿಗೆ ಕೇಳುವಂತೆ ಕೂಗಿದಳು.

"ಎಲ್ಲಾರೂ ಎದಿ ಮಟ ಅದಾರಲ್ಲ! ಉಳದಿದ್ದೆಲ್ಲಿ?"

"ಅತ್ತಿ, ಮೆಲ್ಲಕ..."

"ಕೆಳಗ ಜಗ್ಗು. ಇನ್ನಷ್ಟು ಜಗ್ಗು. ಪ್ಯಾಂಟಿನ ವ್ಯಾಪಾರ ಮಾಡೋವ್ರು ಪ್ಯಾಂಟು ತೋರಿಸಿಲ್ಲಂದ್ರ ಇವರನ್ನ ಹೆಂಗ ನಂಬೋದು?"

ನನ್ನ ಬೆನ್ನ ಹಿಂದೆ ಯಾರೋ ಕೆಮ್ಮಿದರು. ಆ ಗೋಡೆಯ ಮೇಲೆ ದುರದೃಷ್ಟವಶಾತ್ ಬಸ್ಸಿನ ವೇಳಾಪಟ್ಟಿ ಇರಲಿಲ್ಲ.

ಅತ್ತೆಗೊಂದು ಪುಟ ತೆರೆಯುವುದೇನೋ ಪುಕ್ಕಟೆಯೇ. ವಿದ್ಯಾಭ್ಯಾಸ ಎಂಬಲ್ಲಿ ಏಳನೇ ತರಗತಿ ಎಂದು ತುಂಬಿದೆ. ಫೋಟೋ ಕೇಳಿದಾಗ ಚೀಲದಿಂದ ಒಂದು ಜೀನ್ಸು ತೆಗೆದು, ಒಳಮೈ ಹೊರಗೆ ಮಾಡಿ, "ಇದನ್ನ ಹಾಕು" ಎಂದಳು. "ನಿನ್ನ ಮುಖ ಕೇಳಾಕತ್ಯಾರ ಅತ್ತಿ." "ನನ್ನ ಮುಖ ಯಾರಿಗೆ ಬೇಕಾಗೈತಿ? ಕೆಲಸ ಒಳಮೈಯಾಗ ಇರತೈತಿ." ಹಾಗಾಗಿ ಜಗತ್ತಿನ ಅಷ್ಟೊಂದು ಮುಗುಳ್ನಗೆಗಳ ನಡುವೆ ತಿರುವುಮುರುವಾದ ಒಂದು ಪ್ಯಾಂಟೂ ಪ್ರತಿಷ್ಠಾಪನೆಯಾಯಿತು.

ಕಷ್ಟ ಬಂದದ್ದು ಅಲ್ಲಿಂದ ಮುಂದೆ. ಗುರುತಿಲ್ಲದವರಿಗೆ ಪತ್ರ ಬರೆಯಬೇಕಾದರೆ ಹಣ ಕಟ್ಟಿ ಸದಸ್ಯರಾಗಬೇಕು ಎಂದು ತಾಣ ಹೇಳಿತು. ನಾನು ಅದನ್ನು ಅನುವಾದಿಸಿದೆ.

"ಗುರುತು ಇಲ್ಲದವ್ರಿಗೆ ಬರೆಯಾಕ ರೊಕ್ಕಾನ? ಗುರುತು ಇದ್ದವ್ರಿಗೆ ನಾ ಯಾಕ ಬರೀಲಿ, ಎದ್ದು ಹೋಗಿ ಮಾತಾಡತೀನಿ!" ಅತ್ತೆಯ ತರ್ಕದಲ್ಲಿ ನನಗಂತೂ ಯಾವ ದೋಷವೂ ಕಾಣಲಿಲ್ಲ.

ಹೊಸ ಖರ್ಚು ಮಾಡುವ ಮುಂಚೆ ಮನೆಯ ಗಂಡಸರನ್ನು ಕೇಳುವುದು ಅತ್ತೆಯ ಪದ್ಧತಿ. ಕೇಳುತ್ತಾಳೆ ಅಷ್ಟೆ. "ಕೇಳೋದು ಮರ್ಯಾದಿ, ಮಾಡೋದು ನನ್ನಿಷ್ಟ" ಎಂಬುದು ಆಕೆಯ ಸಿದ್ಧಾಂತ. ಮೊದಲು ಸಿರುಗುಪ್ಪಕ್ಕೆ ಹೋದೆವು. ಅಲ್ಲಿ ಆಕೆಯ ಮೈದುನನ ಅಕ್ಕಿ ಗಿರಣಿ. ಅವರು ತೌಡು ಹತ್ತಿದ ಮೀಸೆ ಒರೆಸಿಕೊಳ್ಳುತ್ತ ಎಲ್ಲವನ್ನೂ ಕೇಳಿ ಗಹಗಹಿಸಿದರು.

"ಅಲ್ರಿ ವೈನಿ, ಪರಿಚಯಕ್ಕ ಯಾರರ ರೊಕ್ಕ ಕೊಡತಾರೇನ್ರಿ? ಒಂದು ಚಾ ಕುಡಿಸಿದ್ರ ಪರಿಚಯ, ಎರಡು ಕುಡಿಸಿದ್ರ ದೋಸ್ತಿ, ಮೂರು ಕುಡಿಸಿದ್ರ ಬೀಗತನ!"

"ಮುಂಬೈಯವರಿಗೆ ಇಲ್ಲಿಂದ ಹೆಂಗ ಚಾ ಕುಡಿಸ್ಲಿ?"

"ಅದಕ್ಕ ಅನ್ನೋದು, ಮುಂಬೈ ಉಸಾಬರಿ ಯಾಕ ಅಂತ. ಮಷೀನು ಮಾರಿ ಒಂದು ಲಾರಿ ತಗೋರಿ."

ಅತ್ತೆ ಚಹಾ ಪೂರ್ತಿ ಕುಡಿಯದೆ ಎದ್ದಳು. ಕುರುಗೋಡಿನ ಬಸ್ಸು ಸಿರಿಗೇರಿ ದಾಟಿತು. ಆಮೇಲೆ, "ನಮ್ಮ ಮೈದುನನ ಬೆಲ್ಟಿನ ಲೂಪು ಎರಡು ಕಿತ್ತಾವು. ಅದನ್ನ ಹೊಲಿಸಿಕೊಳ್ಳಾಕ ಆಗಿಲ್ಲ, ನನಗ ಬುದ್ಧಿ ಹೇಳತಾನ" ಎಂದಳು.

ಕುರುಗೋಡಿನಲ್ಲಿ ಅಪ್ಪನ ಸಲಹೆ ಬೇರೆ. "ಹೆಸರು ಹಾಕಾಕ ರೊಕ್ಕ ಯಾಕ ದಂಡ ಮಾಡತಿ? ನಮ್ಮ ಬಸ್‌ಸ್ಟ್ಯಾಂಡಿನ ಗ್ವಾಡಿ ಖಾಲಿ ಐತಿ. ದೊಡ್ಡ ಅಕ್ಷರದಾಗ ಬರಸು."

"ಮುಂಬೈ ಸಾವಕಾರ ಕುರುಗೋಡು ಬಸ್‌ಸ್ಟ್ಯಾಂಡಿಗೆ ಯಾವಾಗ ಬರತಾನಣ್ಣಾ?"

"ಯಾಕ ಬರಂಗಿಲ್ಲ? ಮಣ್ಣಿಗೆ ಚೀನಾದವ್ರ ಬರಾಕತ್ಯಾರ, ಪ್ಯಾಂಟಿಗೆ ಮುಂಬೈಯವ ಬರಂಗಿಲ್ಲೇನು?" ಆ ವರ್ಷಗಳಲ್ಲಿ ನಮ್ಮ ಜಿಲ್ಲೆಯವರಿಗಿದ್ದ ಧೈರ್ಯವೇ ಅಂಥದ್ದು!

ತೀರ್ಮಾನ ಮಾತ್ರ ಆದದ್ದು ಖಾಸಿಂ ಚಾಚಾ ಹೇಳಿದ ಮಾತಿನಿಂದ. ಅವರು ಮೇಜಿನ ಮೇಲೆ ಬಟ್ಟೆ ಹಾಸುತ್ತ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಅಂದರು: "ಅಕ್ಕಾ, ಹೊಸಾ ಬಟ್ಟಿ ಥಾನು ಬಂದ್ರ ನಾ ಏನ ಮಾಡತೀನಿ? ಇಡೀ ಥಾನು ಕತ್ತರಸಂಗಿಲ್ಲ. ಒಂದು ಗೇಣು ಕತ್ತರಿಸಿ, ನೀರಾಗ ಹಾಕಿ, ಎಷ್ಟು ಕುಗ್ಗತೈತಿ ಅಂತ ನೋಡತೀನಿ. ಇದನ್ನೂ ಒಂದು ಗೇಣು ಕಟ್ಟಿ ನೋಡ್ರಿ."

ಸರಿ, ವರ್ಷಕ್ಕಲ್ಲ, ಮೂರು ತಿಂಗಳಿಗೆ ಕಟ್ಟುವುದೆಂದಾಯಿತು. ಸಂಬಳದ ಖಾತೆಯ ಜೊತೆಗೆ ನನಗೊಂದು ಕ್ರೆಡಿಟ್ ಕಾರ್ಡು ಬಂದಿತ್ತು. ಒಮ್ಮೆಯೂ ಬಳಸದೆ ಪುಸ್ತಕದ ನಡುವೆ ಇಟ್ಟಿದ್ದೆ. ಅದರ ಉದ್ಘಾಟನೆ ಹೀಗಾಯಿತು.

ಇನ್ನು ಪತ್ರ. ಅತ್ತೆ ಕೈಕಟ್ಟಿಕೊಂಡು ಗಂಭೀರವಾಗಿ ಹೇಳಿದಳು. "ಬರಕೋ. ನಾವು ಬಳ್ಳಾರಿಯಾಗ ಜೀನ್ಸ್ ಹೊಲೀತೀವಿ. ಚಲೋ ಹೊಲೀತೀವಿ. ನೀವು ಹಾಕ್ಕೊಂಡಿರೋ ಪ್ಯಾಂಟಿಂದು ಹಿಂದ ಮುಂದ ಫೋಟೋ ಕಳಸ್ರಿ. ನೋಡಿ ಮಾತಾಡೋಣು."

ನನ್ನ ಬೆರಳುಗಳು ಕೀಲಿಮಣೆಯ ಮೇಲೆ ಹಾಗೇ ನಿಂತವು. ನೀವೇ ಹೇಳಿ, ಮರ್ಯಾದಸ್ಥ ಹೆಣ್ಣುಮಗಳೊಬ್ಬಳು ದೇಶದ ನಾನಾ ಊರುಗಳ ಅಪರಿಚಿತ ಗಂಡಸರಿಗೆ ಇಂಗ್ಲಿಷಿನಲ್ಲಿ "ತಮ್ಮ ಪ್ಯಾಂಟಿನ ಭಾವಚಿತ್ರವನ್ನು ಕಳುಹಿಸಿಕೊಡಬೇಕಾಗಿ ವಿನಂತಿ" ಎಂದು ಹೇಗೆ ಬರೆಯಬೇಕು? ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ನಾನು ನನಗೆ ಸರಿ ಕಂಡದ್ದನ್ನು ಬರೆದೆ. ನಮ್ಮಲ್ಲಿ ಎಂಟು ಯಂತ್ರಗಳಿವೆ, ತಿಂಗಳಿಗೆ ಇಷ್ಟು ಹೊಲಿಯಬಲ್ಲೆವು, ಗುಣಮಟ್ಟಕ್ಕೆ ಬದ್ಧರು, ತಮ್ಮ ಉತ್ತರದ ನಿರೀಕ್ಷೆಯಲ್ಲಿ. ವ್ಯಾಕರಣದಲ್ಲಿ ಒಂದು ತಪ್ಪಿಲ್ಲ. ಒಂಬತ್ತು ಮಂದಿಗೆ ಕಳಿಸಿದೆ.

ಇಪ್ಪತ್ತು ದಿನವಾದರೂ ಒಬ್ಬರೂ ಉತ್ತರಿಸಲಿಲ್ಲ. ನಾನು ಕೆಲಸದಿಂದ ಮರಳುವಾಗ ಸೈಬರ್ ಸೆಂಟರಿಗೆ ಹೋಗಿ ನೋಡಿಕೊಂಡು ಬರುತ್ತಿದ್ದೆ. ಅತ್ತೆ ಮಷೀನಿನಿಂದ ಕಣ್ಣೆತ್ತದೆ "ಬಂತೇನ್ಲೇ?" ಎನ್ನುತ್ತಿದ್ದಳು. ಇಲ್ಲವೆಂದಾಗ ಎಂಟು ಮಷೀನುಗಳ ಸದ್ದೂ ಒಂದು ಕ್ಷಣ ತಗ್ಗಿ ಮತ್ತೆ ಏರುತ್ತಿತ್ತು. ಗೋಡೆಗೆ ಒರಗಿಸಿದ್ದ ಗಂಟುಗಳಲ್ಲಿ ಎರಡು ಮಾತ್ರ ಉಳಿದಿದ್ದವು. ಕೊನೆಯ ಮಷೀನಿನ ಹುಡುಗಿ ಗಣಿಯ ಮೇಸ್ತ್ರಿಯ ಹತ್ತಿರ ಹೆಸರು ಬರೆಸಿ ಬಂದಿದ್ದಾಳೆ ಎಂದು ಯಾರೋ ಹೇಳಿದರು.

ಆ ರಾತ್ರಿ ಅತ್ತೆ ಕೇಳಿದಳು. "ನಾ ಹೇಳಿದ್ದ ಬರದಿ ಹೌದಿಲ್ಲೋ?"

ದಶಮಾಂಶದ ಎರಡನೆಯ ಸ್ಥಾನದಲ್ಲೂ ಸುಳ್ಳು ಹೇಳಿ ಗೊತ್ತಿಲ್ಲದವಳು ನಾನು. ಬರೆದಿರಲಿಲ್ಲ ಎಂದು ಒಪ್ಪಿಕೊಂಡೆ. ಬೈಯುತ್ತಾಳೆಂದು ತಲೆ ತಗ್ಗಿಸಿ ಕೂತೆ. ಆಕೆ ಬೈಯಲಿಲ್ಲ.

"ಗಿರಾಕಿ ನನ್ನ ಕೆಲಸ ನೋಡತಾನ. ನಾ ಗಿರಾಕಿನ್ನ ನೋಡಬ್ಯಾಡೇನು? ಒಳ್ಳೆ ಹೊಲಿಗಿ ಅಂದ್ರೇನು ಅಂತ ಗೊತ್ತಿಲ್ಲದವಗ ಎಷ್ಟ ಚಲೋ ಹೊಲದ್ರೂ ದಂಡ. ಸಣ್ಣಾಕಿ ಅದೀ, ನಾಚಿಕಿ ಆಗತೈತಿ. ಆದ್ರ ಪತ್ರ ನಿಂದಲ್ಲಲೇ, ನಂದು."

ಮರುದಿನ ಆಕೆ ಮೊದಲು ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಬರೆದೆ. ಒಂದು ಪದವನ್ನೂ ಬದಲಿಸಲಿಲ್ಲ. 'ಹಿಂದ ಮುಂದ' ಎಂಬುದನ್ನೂ ಬಿಡಲಿಲ್ಲ. ಅದೇ ಒಂಬತ್ತು ಮಂದಿಗೆ ಕಳಿಸಿ, ದುಪಟ್ಟಾ ತಲೆಯ ಮೇಲೆ ಎಳೆದುಕೊಂಡು ಹಿಂದಿನ ಓಣಿಯಿಂದ ಮನೆಗೆ ಬಂದೆ.

ಎರಡು ದಿನದಲ್ಲಿ ಮೂರು ಉತ್ತರ! ಮೊದಲನೆಯವರು ಇದೆಂಥ ಅಸಭ್ಯತೆ ಎಂದು ಗದರಿದ್ದರು. ಎರಡನೆಯವರು ಇದೇನಾದರೂ ಸಮೀಕ್ಷೆಯೇ, ಬಹುಮಾನ ಉಂಟೇ ಎಂದು ಕೇಳಿದ್ದರು. ಮೂರನೆಯವರು ಮುಂಬೈಯ ಒಂದು ಉಡುಪಿನ ಕಂಪನಿಯ ಖರೀದಿ ಅಧಿಕಾರಿ. ಅವರಿಗೆ ಏನನ್ನಿಸಿತೋ ಏನೋ, ಕಚೇರಿಯ ಹೂಕುಂಡದ ಪಕ್ಕದಲ್ಲಿ ನಿಂತು ಹಿಂದೊಂದು ಮುಂದೊಂದು ಫೋಟೋ ತೆಗೆಸಿ ಕಳಿಸಿದ್ದರು. ಸೊಂಟದಿಂದ ಕೆಳಗೆ ಮಾತ್ರ. ಅತ್ತೆ ಆ ದಿನ ಮೊದಲ ಸಲ ಆ ತಾಣವನ್ನು ಮೆಚ್ಚಿಕೊಂಡಳು. "ಇದು ನೋಡು ಮನುಷ್ಯಾನ ಫೋಟೋ ಅಂದ್ರ!"

ಅರ್ಧ ಗಂಟೆ ನೋಡಿದಳು. ನಾನು ಚಿತ್ರ ಹಿಗ್ಗಿಸುತ್ತ ಹೋದೆ. ಸೈಬರ್ ಸೆಂಟರಿನ ಮಾಲೀಕ ಎರಡು ಸಲ ಬಂದು ಇಣುಕಿ, ಏನೂ ಕೇಳದೆ ಹೋದ.

"ಬರಕೋ. ಬಟ್ಟಿ ಚಲೋ ಐತಿ. ಬಲಗಡಿ ಜೇಬಿನಾಗ ಕೀಲಿ ಗೊಂಚಲು ಇಡತೀರಿ, ಅದಕ್ಕ ಮೂಲಿ ಸವದೈತಿ. ಒಳಗಾಲಿನ ಹೊಲಿಗಿ ಸುಕ್ಕಾಗೈತಿ ನೋಡ್ರಿ, ದಾರ ಬಿಗಿ ಹಿಡದು ಹೊಲದಾರ. ನಿಂತಾಗ ಏನೂ ಆಗಂಗಿ‍ಲ್ಲ. ಕುಂತು ಎದ್ದು ಮಾಡಿದ್ರ ಒಂದಿನ ಪಟ್ಟಂತ ಹರೀತೈತಿ. ಹುಷಾರು."

ನಾನು ಕಣ್ಣು ಮುಚ್ಚಿ ಅನುವಾದಿಸಿದೆ. ಮರುದಿನ ಒಂದೇ ಸಾಲಿನ ಉತ್ತರ ಬಂತು.

"ನಿನ್ನೆಯೇ ಹರಿಯಿತು. ಸಭೆಯ ನಡುವೆ."

ಅದರ ಕೆಳಗೆ ಯೂನಿಟ್ಟಿನ ವಿಳಾಸ ಕೇಳಿದ್ದರು. ಮಾದರಿಗೆಂದು ಸ್ವಲ್ಪ ಬಟ್ಟೆ ಬಂತು. ಖಾಸಿಂ ಚಾಚಾ ಅದನ್ನು ಮೊದಲು ನೀರಿಗೆ ಹಾಕಿದರು. ಅತ್ತೆ ಒಂದೊಂದು ಪ್ಯಾಂಟನ್ನೂ ಒಳಮೈ ಹೊರಗೆ ಮಾಡಿ ನೋಡಿ, ಎರಡನ್ನು ತಾನೇ ಬಿಚ್ಚಿ ಮತ್ತೆ ಹೊಲಿದಳು. ಮಾದರಿ ಒಪ್ಪಿಗೆಯಾಯಿತು. ಹಳೆಯ ಗಂಟು ಮುಗಿಯಲು ನಾಲ್ಕೇ ದಿನ ಬಾಕಿಯಿದ್ದಾಗ ಮುಂಬೈಯ ಥಾನುಗಳು ಬಂದಿಳಿದವು. ಕೊನೆಯ ಮಷೀನಿನ ಹುಡುಗಿ ಏನೂ ಹೇಳದೆ ಎಲ್ಲರಿಗಿಂತ ಮುಂಚೆ ಹೋಗಿ ಒಂದು ಥಾನು ಹೆಗಲಿಗೇರಿಸಿಕೊಂಡಳು.

ಒಂದೂವರೆ ತಿಂಗಳ ಮೇಲೆ ಕಂಪನಿಯವರು ಕಳಿಸಿದ ಕಾಗದಪತ್ರಗಳಲ್ಲಿ ಒಂದು ನಮೂನೆಯಿತ್ತು. ಅದಕ್ಕೆ ಯೂನಿಟ್ಟಿನ ಮಾಲೀಕರ ಭಾವಚಿತ್ರ ಬೇಕು. ಪ್ಯಾಂಟಿನದಲ್ಲ, ಮುಖದ್ದು. ಅತ್ತೆಯನ್ನು ಸ್ಟುಡಿಯೋಗೆ ಕರೆದುಕೊಂಡು ಹೋದೆ. ಅಲ್ಲಿಯ ಫೋಟೋಗ್ರಾಫರು ಅರ್ಧ ತೆಲುಗು, ಅರ್ಧ ಕನ್ನಡದ ವಯಸ್ಸಾದ ಮನುಷ್ಯ. ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿ, ದೀಪ ಹಾಕಿ, "ಅಮ್ಮಾ, ಇಟು ಚೂಡಂಡಿ, ಈ ಕಡೆ ನೋಡ್ರಿ" ಎಂದರು.

"ನಿಮ್ಮ ಝಿಪ್ಪಿನ ಬುಡದಾಗ ಹೊಲಿಗಿ ಬಿಟ್ಟೈತ್ರಿ" ಎಂದಳು ಅತ್ತೆ.

ಫೋಟೋಗ್ರಾಫರು ಪರದೆಯ ಹಿಂದೆ ಓಡಿದರು. ಅಂಗಿ ಹೊರಗೆ ಬಿಟ್ಟುಕೊಂಡು ಮರಳಿ, "ನನ್ನ ಪ್ಯಾಂಟು ಬಿಡಂಡಿ ಅಮ್ಮಾ, ಸ್ವಲ್ಪ ತಲೆ ಎತ್ತರಿ" ಎಂದರು. ಅತ್ತೆ ಎತ್ತಿದಳು. ಕ್ಯಾಮೆರಾದವರೆಗೆ ಬಂದ ಕಣ್ಣು ಅಲ್ಲಿ ನಿಲ್ಲದೆ ಮತ್ತೆ ನೆಲಕ್ಕೆ ಇಳಿಯಿತು. ಇನ್ನೊಮ್ಮೆ ಹೇಳಿದರು. ಇನ್ನೊಮ್ಮೆ ಇಳಿಯಿತು. ನಾನು ನಗುತ್ತ, "ಏನ ಅತ್ತಿ, ಇಷ್ಟ ಬರಂಗಿಲ್ಲೇನು?" ಎಂದೆ.

"ಬರಂಗಿಲ್ಲವಾ" ಎಂದಳು ಆಕೆ. "ನಿಮ್ಮ ಮಾವ ಹೋದಾಗ ನನಗ ಇಪ್ಪತ್ತೊಂದು. ಇನ್ನ ಮ್ಯಾಲೆ ತಲಿ ಎತ್ತಿ ನಡೀಬ್ಯಾಡ, ಮಂದಿ ಮಾತಾಡತಾರ ಅಂದ್ಳು ನಮ್ಮತ್ತಿ. ಬಳ್ಳಾರಿಗೆ ಬಂದ ಮ್ಯಾಲೂ ನೆಲಾ ನೋಡ್ಕೊಂತನ ಕೆಲಸಕ್ಕ ಹೋಗತಿದ್ದೆ, ನೆಲಾ ನೋಡ್ಕೊಂತನ ಬರತಿದ್ದೆ. ನೆಲಾ ನೋಡಿದ್ರ ಏನ ಕಾಣತೈತಿ? ಮಂದಿ ಕಾಲು, ಪ್ಯಾಂಟಿನ ಅಂಚು. ಎಷ್ಟಂತ ಸುಮ್ನ ನೋಡ್ಲಿ? ಹೊಲಿಗಿ ನೋಡಿ ಕಲಿಯಾಕ ಹತ್ತಿದೆ."

ಸೂಜಿಗೆ ದಾರ ಪೋಣಿಸುವುದು ಹೇಗೆಂದು ಹೇಳಿಕೊಡುವ ದನಿಯಲ್ಲೇ ಇದನ್ನೂ ಹೇಳಿದಳು. ಫೋಟೋಗ್ರಾಫರು ಕ್ಯಾಮೆರಾ ಒರೆಸತೊಡಗಿದರು, ಅದು ಒರೆಸಿಯೇ ಇತ್ತು. ಯಾರನ್ನೂ ಮುಟ್ಟಿ ಮಾತಾಡಿಸುವ ಅಭ್ಯಾಸ ನನಗಿಲ್ಲ. ಆದರೂ ಹೋಗಿ ಅತ್ತೆಯ ಗದ್ದದ ಕೆಳಗೆ ಎರಡು ಬೆರಳಿಟ್ಟೆ. ಗದ್ದ ಮೇಲೆ ಬಂತು. ಬೆರಳು ತೆಗೆದ ಮೇಲೂ ಅಲ್ಲೇ ನಿಂತಿತು.

ಫೋಟೋದ ಲಕೋಟೆ ಹಿಡಿದು ಹೊರಗೆ ಬಂದು ರಸ್ತೆ ದಾಟಲು ನಿಂತಾಗ ನಾನು ಹೇಳಿದೆ: "ಅತ್ತಿ, ಈ ವಾರ ಸದಸ್ಯತ್ವ ಮುಗೀತೈತಿ. ಆರ್ಡರ್ ಅಂತೂ ಬಂತು. ಪುಟ ತಗದುಬಿಡ್ಲೇನು? ಗುರುತಿಲ್ಲದ ಮಂದಿ ಬಂದು ಬಂದು ನೋಡಿ ಹೋಗಾಕತ್ಯಾರ. ಬರೇ ಈ ವಾರದಾಗ ಹನ್ನೊಂದು ಮಂದಿ."

"ನನ್ನ?"

"ಹ್ಞೂಂ. ನಿನ್ನ."

ಅತ್ತೆ ಲಕೋಟೆಯಿಂದ ಫೋಟೋ ತೆಗೆದು ಬಿಸಿಲಿಗೆ ಹಿಡಿದಳು. ಅದಿರಿನ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು, ದಾಟಲು ದಾರಿಯಿರಲಿಲ್ಲ. ಅಷ್ಟೂ ಲಾರಿ ಹೋಗಿ ಮುಗಿಯುವವರೆಗೆ ಆಕೆ ಆ ಮುಖವನ್ನು ನೋಡುತ್ತ ನಿಂತಿದ್ದಳು. ಆಮೇಲೆ ಸೆರಗಿನಿಂದ ಅದರ ಮೇಲಿನ ಧೂಳು ಒರೆಸಿ ನನ್ನ ಕೈಗೆ ಕೊಟ್ಟಳು.

"ವರ್ಷಕ್ಕ ಕಟ್ಟು" ಎಂದಳು. "ಇದನ್ನ ಹಾಕು. ನೋಡ್ಲಿ."